ಅರಸೀಕೆರೆಯ ಕಾಯಿ, ದೆಹಲಿಯ ಪೀಠ

ಅರಸೀಕೆರೆಯ ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಕಾಯಿಯ ಬಣ್ಣಕ್ಕೆ ಮರುಳಾಗುವವರಲ್ಲ. ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕುವ ಸದ್ದನ್ನು ಆಲಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡುತ್ತಾರೆ. ಮಾರುವವನ ಮಾತು ಎಷ್ಟೇ ಸವಿಯಾಗಿರಲಿ, ಈ ಪರೀಕ್ಷೆಯೊಂದು ತಪ್ಪುವುದಿಲ್ಲ. ಹೋಳಿಗೆಯ ಹೂರಣಕ್ಕೆ ಬೇಕಾದ ಒಂದು ಕಾಯಿಗೆ ಇಷ್ಟು ಎಚ್ಚರವಿರುವಲ್ಲಿ, ರಾಷ್ಟ್ರದ ಅತ್ಯುನ್ನತ ಪೀಠದಲ್ಲಿ ಕೂರಬೇಕಾದವರಿಗೆ ಎಂಥ ಪರೀಕ್ಷೆ ನಡೆಯಬೇಕು? 1969ರ ರಾಷ್ಟ್ರಪತಿ ಚುನಾವಣೆಯನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಏಳದಿರದು.

ರಾಷ್ಟ್ರಪತಿಗೆ ಜನರು ನೇರವಾಗಿ ಮತ ನೀಡುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಸಂಸತ್ತಿನ ಮತ್ತು ವಿಧಾನ ಸಭೆಗಳ ಚುನಾಯಿತ ಸದಸ್ಯರಿಗೆ ಮಾತ್ರ ಆ ಅಧಿಕಾರ. ಆದರೂ ಅವರ ಮತದ ಬೆಲೆಯನ್ನು ಕಟ್ಟುವುದು ಜನಸಂಖ್ಯೆಯ ಮೇಲೆಯೇ. ಅಂದಿನ ಮೈಸೂರು ರಾಜ್ಯದಲ್ಲಿ 216 ಶಾಸಕರು. 1961ರ ಜನಗಣತಿಯಂತೆ ಸುಮಾರು 2 ಕೋಟಿ 36 ಲಕ್ಷ ಜನ. ಲೆಕ್ಕ ಹಾಕಿದರೆ ಒಬ್ಬ ಶಾಸಕರ ಮತಕ್ಕೆ 109ರ ಬೆಲೆ. ಎಂದರೆ ಅವರ ಬೆನ್ನ ಹಿಂದೆ 1,09,000 ತಲೆಗಳು. ಅರಸೀಕೆರೆಯಿಂದ ಒಬ್ಬರು, ಹಳೇಬೀಡನ್ನೂ ಒಳಗೊಂಡ ಬೇಲೂರು ಸೀಮೆಯಿಂದ ಒಬ್ಬರು ಹೋಗಿ ಮತಪತ್ರದ ಮೇಲೆ ಅಂಕಿ ಬರೆದಾಗ, ಆ ಊರುಗಳ ತೊಟ್ಟಿಲ ಕೂಸುಗಳೂ ಲೆಕ್ಕಕ್ಕೆ ಬಂದವು. ಹೀಗಿರುವಾಗ ಇದು ದೆಹಲಿಯ ದೊಡ್ಡವರ ಮನೆಯ ಮಾತು, ನಮಗೇಕೆ ಎನ್ನುವುದು ಸರಿಯಲ್ಲ.

1969ರ ಮೇ 3ರಂದು ಡಾ. ಝಾಕೀರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ಶ್ರೀ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನದಲ್ಲಿ ಕುಳಿತರು. ಮೈಸೂರಿಗೆ ಅವರೇನೂ ಅಪರಿಚಿತರಲ್ಲ. 1965ರಿಂದ 1967ರವರೆಗೆ ಇಲ್ಲಿಯ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಅಧ್ಯಕ್ಷರು ನಮ್ಮವರೇ ಆದ ಶ್ರೀ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಶ್ರೀ ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಪಾರ್ಲಿಮೆಂಟರಿ ಮಂಡಲಿಯ ಬಹುಮತ ಶ್ರೀ ನೀಲಂ ಸಂಜೀವರೆಡ್ಡಿಯವರ ಕಡೆಗೆ ಬಿದ್ದಿತು. ಗಿರಿಯವರು ಸ್ವತಂತ್ರರಾಗಿ ನಿಂತರು. ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆಗೆ ಸಹಿ ಮಾಡಿ, ಮರುದಿನವೇ ಪದವಿಯನ್ನು ಬಿಟ್ಟರು. ಮುಂದೆ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯವರೇ ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಕರೆಯಿತ್ತರು. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದವರ ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಅವರ ಮುಖಂಡರೊಡನೆ ಮಾತನಾಡಿದ್ದೇ ದೊಡ್ಡ ರಂಪಕ್ಕೆ ಕಾರಣವಾಯಿತು.

ಈ ಗದ್ದಲದಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಇವರು ಯಾರ ಕಡೆಯವರು? ಮಾರುವವನ ಹೆಸರನ್ನು ಕೇಳಿದರೇ ಹೊರತು ಕಾಯಿಯನ್ನು ಅಲ್ಲಾಡಿಸಿ ನೋಡಿದವರು ಕಡಿಮೆ.

ನೋಡಿದ್ದರೆ ಏನು ಕಾಣುತ್ತಿತ್ತು? ಕಣದಲ್ಲಿದ್ದ ಮೂವರು ಪ್ರಮುಖರೂ ಹಿಂದೆ ಅಧಿಕಾರವನ್ನು ತಾವಾಗಿ ಬಿಟ್ಟುಕೊಟ್ಟವರು. ಕಾರ್ಮಿಕ ಮುಖಂಡರಾಗಿ ಬೆಳೆದ ಗಿರಿಯವರು ಬ್ಯಾಂಕ್ ನೌಕರರಿಗೆ ದೊರೆತ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ಕೇಂದ್ರ ಮಂತ್ರಿಪದವಿಯನ್ನು ತೊರೆದಿದ್ದರು. ರೆಡ್ಡಿಯವರು ಕರ್ನೂಲು ಜಿಲ್ಲೆಯ ಬಸ್ಸು ಮಾರ್ಗಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಡಿದ ಮಾತಿಗಾಗಿ 1964ರಲ್ಲಿ ಆಂಧ್ರದ ಮುಖ್ಯಮಂತ್ರಿ ಪದವಿಯಿಂದ ಇಳಿದಿದ್ದರು. 1967ರಲ್ಲಿ ಲೋಕಸಭೆಯ ಸಭಾಧ್ಯಕ್ಷರಾದಾಗ ಪಕ್ಷದ ಸದಸ್ಯತ್ವವನ್ನೇ ಬಿಟ್ಟಿದ್ದರು. ಮೂರನೆಯವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರಾಗಿದ್ದ ಶ್ರೀ ಸಿ. ಡಿ. ದೇಶಮುಖರು, ಮುಂಬಯಿ ನಗರದ ಪ್ರಶ್ನೆಯಲ್ಲಿ ನೆಹರೂ ಅವರೊಡನೆ ಒಮ್ಮತವಿಲ್ಲದೆ 1956ರಲ್ಲಿ ಅರ್ಥಮಂತ್ರಿಯ ಪೀಠವನ್ನು ತ್ಯಜಿಸಿದ್ದರು. ಕೊರತೆಗಳೂ ಇದ್ದವು. ಉಮೇದುವಾರರಾಗಲು ನಿಶ್ಚಯಿಸಿದ ಮೇಲೆಯೂ ಹಂಗಾಮಿ ರಾಷ್ಟ್ರಪತಿಯಾಗಿ ಅಷ್ಟು ಮಹತ್ತ್ವದ ಆಜ್ಞೆಗೆ ಸಹಿ ಹಾಕಿದ್ದು ಒಪ್ಪತಕ್ಕದ್ದೇ? ನಿಷ್ಪಕ್ಷಪಾತದ ಪೀಠದಿಂದೆದ್ದು ಮತ್ತೆ ಪಕ್ಷದ ಉಮೇದುವಾರರಾಗುವುದು ಎಷ್ಟು ಚೆನ್ನ? ಇಂಥವು ಕೇಳತಕ್ಕ ಪ್ರಶ್ನೆಗಳಾಗಿದ್ದವು.

ಬದಲಿಗೆ ಹಂಚಿದ್ದೇನು? ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ರೆಡ್ಡಿಯವರ ಶೀಲವನ್ನು ಹಳಿಯುವ, ಬರೆದವರ ಹೆಸರಿಲ್ಲದ ಕರಪತ್ರ. ಮುಂದೆ ಅದೇ ಚುನಾವಣಾ ತಕರಾರಾಗಿ ಸುಪ್ರೀಂ ಕೋರ್ಟಿಗೆ ಹೋಗಿ, ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿಯಬೇಕಾಯಿತು. 1970ರಲ್ಲಿ ಅರ್ಜಿ ವಜಾ ಆಯಿತು. ಹೆಸರು ಹೇಳಲಾರದವನ ಮಾತಿಗೆ ಬೇಲೂರಿನ ಜಗಲಿಯ ಮೇಲೂ ಬೆಲೆಯಿಲ್ಲ. ಸಂಸತ್ತಿನೊಳಗೆ ಅದಕ್ಕೆ ಕಿವಿಗೊಟ್ಟವರಿದ್ದರೆಂಬುದು ವಿಷಾದದ ಸಂಗತಿ.

ಆಳುವವನ ಯೋಗ್ಯತೆಯ ವಿಚಾರ ಈ ಸೀಮೆಗೆ ಹೊಸದಲ್ಲ. ಗುರುವು 'ಹೊಯ್ ಸಳ' ಎಂದೊಡನೆ ಮೃಗದ ಮೇಲೆರಗಿದ ಸಳನ ವಿಗ್ರಹ ಬೇಲೂರಿನ ಚೆನ್ನಕೇಶವನ ಬಾಗಿಲಲ್ಲಿಯೇ ನಿಂತಿದೆ. ಐತಿಹ್ಯದಲ್ಲಿ ಒಂದು ಏಟಿಗೇ ಯೋಗ್ಯತೆ ತೀರ್ಮಾನವಾಯಿತು. ಇತಿಹಾಸ ಅಷ್ಟು ಸುಲಭವಲ್ಲ. ಇಮ್ಮಡಿ ವೀರಬಲ್ಲಾಳನು ತಂದೆ ನರಸಿಂಹನ ವಿರುದ್ಧ ಎದ್ದು ನಿಂತ ಮಗ. 1173ರಲ್ಲಿ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಸಿಂಹಾಸನವನ್ನೇರಿದ. ಅಂದು ಅವನನ್ನು ಪಿತೃದ್ರೋಹಿಯೆಂದವರು ಇದ್ದಿರಲೂಬಹುದು. ಅರಸೀಕೆರೆಯ ಈಶ್ವರ ದೇವಾಲಯ ಎದ್ದ 1220ರ ಹೊತ್ತಿಗೆ ಅವನ ನಲವತ್ತೇಳು ವರ್ಷಗಳ ಆಳ್ವಿಕೆ ಜನರ ಕಣ್ಣ ಮುಂದಿತ್ತು. ಹೊಯ್ಸಳರಲ್ಲಿ ಮಹಾರಾಜನೆನ್ನಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ರಾಷ್ಟ್ರಪತಿಯ ವಿಷಯದಲ್ಲಿ ಅಷ್ಟು ಕಾಲ ಕಾಯಲು ಯಾರಿಗೂ ಅವಕಾಶವಿಲ್ಲ. ಐದು ವರ್ಷದ ಮಾತು. ಹಿಂದೆ ನಡೆದದ್ದನ್ನು ನೋಡಿಯೇ ಮುಂದಿನದನ್ನು ಊಹಿಸಬೇಕು.

ಆಗಸ್ಟ್ 16ರಂದು ಮತದಾನವಾಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರೂ ಮುಟ್ಟಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ ಗಿರಿಯವರು 4,20,077, ರೆಡ್ಡಿಯವರು 4,05,427. ಅಂದು ಸಂಸತ್ಸದಸ್ಯರ ಒಂದೊಂದು ಮತಕ್ಕೆ 576ರ ಬೆಲೆ. ಹದಿಮೂರು ಮಂದಿ ಅತ್ತಲಿಂದ ಇತ್ತ ಹೊರಳಿದ್ದರೆ ಫಲಿತಾಂಶ ತಿರುವುಮುರುವಾಗುತ್ತಿತ್ತು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಇಬ್ಭಾಗವಾಯಿತು. ಸೋತ ರೆಡ್ಡಿಯವರು ಎಂಟು ವರ್ಷಗಳ ಅನಂತರ, 1977ರ ಜುಲೈಯಲ್ಲಿ, ಅವಿರೋಧವಾಗಿ ಅದೇ ಪೀಠವನ್ನೇರಿದರು. ಬಂದ 37 ನಾಮಪತ್ರಗಳಲ್ಲಿ ಊರ್ಜಿತವಾದದ್ದು ಅವರದೊಂದೇ. 1969ರಲ್ಲಿ ಅಯೋಗ್ಯರೆನಿಸಿದ್ದವರು 1977ರಲ್ಲಿ ಸರ್ವಸಮ್ಮತರಾದರೆಂದರೆ, ಬದಲಾದದ್ದು ಮನುಷ್ಯನೋ ಗಾಳಿಯೋ?

ಅವರಿಗಿಂತ ಮೊದಲು, ಆ ವರ್ಷದ ಫೆಬ್ರವರಿಯಿಂದ ಜುಲೈವರೆಗೆ, ಕನ್ನಡಿಗರೊಬ್ಬರು ಹಂಗಾಮಿ ರಾಷ್ಟ್ರಪತಿಯಾಗಿದ್ದರು: ಜಮಖಂಡಿ ಸೀಮೆಯ ಸಾವಳಗಿಯ ಶ್ರೀ ಬಿ. ಡಿ. ಜತ್ತಿಯವರು, ಮೈಸೂರಿನ ಮಾಜಿ ಮುಖ್ಯಮಂತ್ರಿಗಳು. ರಾಷ್ಟ್ರಪತಿ ಚುನಾವಣೆಯ ಬಿಸಿ ಅವರಿಗೆ ತಗುಲಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಹೊಸ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನ ಸಭೆಗಳನ್ನು ವಿಸರ್ಜಿಸುವ ಪತ್ರಗಳನ್ನು ಅವರ ಮುಂದಿಟ್ಟಿತು. ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕೆಂದು 42ನೆಯ ತಿದ್ದುಪಡಿ ಹಿಂದಿನ ವರ್ಷವಷ್ಟೇ ಹೇಳಿತ್ತು. ಜತ್ತಿಯವರು ಪತ್ರಗಳನ್ನು ಕೂಡಲೇ ಹಿಂದಿರುಗಿಸಲಿಲ್ಲ. ದೆಹಲಿಯಲ್ಲಿ ಓಡಾಟವೋ ಓಡಾಟ. ಏಪ್ರಿಲ್ 30ರಂದು ಸಹಿ ಬಿದ್ದಿತು.