ಮಂಗನ ಕಾಯಿಲೆಯ ಕಾಲಕ್ಕೆ ಮುಂಚಿತವಾಗಿ ಚಿಕಿತ್ಸಾ ಸೌಕರ್ಯಗಳನ್ನು ಏರ್ಪಡಿಸಬೇಕೆಂದು ಕೋರುವ ಮನವಿ ಪತ್ರ

ಶಿವಮೊಗ್ಗ ಜಿಲ್ಲಾ ಪಂಚಾಯತಿಯ ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಸನ್ನಿಧಿಗೆ,

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಅಂಚಿನ ಗ್ರಾಮಸ್ಥರ ವಿಜ್ಞಾಪನೆ.

ಮಾನ್ಯರೇ,

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿ, ಸಮೀಪದ ಹಳ್ಳಿಗಳ ಜನರೂ ಜ್ವರಪೀಡಿತರಾದಾಗ ಮೊದಲಬಾರಿಗೆ ಗುರುತಿಸಲ್ಪಟ್ಟ ಮಂಗನ ಕಾಯಿಲೆಯೆಂಬ ವ್ಯಾಧಿಯು ಇಂದಿಗೂ ನಮ್ಮ ಮಲೆನಾಡನ್ನು ಬಿಟ್ಟು ತೊಲಗಿಲ್ಲವೆಂಬುದು ತಮಗೆ ವಿದಿತವೇ ಆಗಿದೆ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಪ್ರದೇಶದಲ್ಲಿ ಅದರಿಂದ ಸಂಭವಿಸಿದ ಮರಣಗಳ ದುಃಖವು ಆ ಮನೆಗಳಲ್ಲಿ ಇನ್ನೂ ಆರಿಲ್ಲ.

ಈ ರೋಗವು ಅಕಸ್ಮಾತ್ತಾಗಿ ಎರಗುವಂಥದಲ್ಲ. ಮಳೆ ಹಿಂದೆಗೆದು ಕಾಡು ಒಣಗತೊಡಗಿದೊಡನೆ ಉಣುಗಿನ ಮರಿಗಳು ನೆಲದ ಎಲೆಗಳಲ್ಲಿ ಹೆಚ್ಚಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನೊಳಗೆ ಹೋಗಿಬರುವವರಿಗೆ ಸೋಂಕನ್ನು ಅಂಟಿಸುತ್ತವೆ. ಒಣಗಿದ ಎಲೆಗಳ ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು ಇವೆಲ್ಲವೂ ನಮಗೆ ಒದಗುವುದು ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿರೆಂಬ ಹಿತವಚನವನ್ನು ನಾವು ಗೌರವಿಸುತ್ತೇವಾದರೂ, ದರಗಿಲ್ಲದೆ ಕೊಟ್ಟಿಗೆಯ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಅಡಕೆ ತೋಟವಿಲ್ಲ ಎಂಬುದನ್ನು ತಾವು ದಯಮಾಡಿ ಪರಿಭಾವಿಸಬೇಕು. ಬರುವ ಕಾಲವು ಮೊದಲೇ ತಿಳಿದಿರುವ ರೋಗಕ್ಕೆ ಸಿದ್ಧತೆಯು ಮಾತ್ರ ಪ್ರತಿವರ್ಷವೂ ತಡವಾಗಿ ಆರಂಭವಾಗುವುದೇ ನಮ್ಮ ಮುಖ್ಯ ವ್ಯಥೆ.

ಈ ರೋಗದ ವಿಷಾಣುವನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ದಶಕಗಳ ಕಾಲ ನೀಡುತ್ತಿದ್ದ ಲಸಿಕೆಯೂ ಸಾಕಷ್ಟು ರಕ್ಷಣೆಯೀಯದೆಂದು 2022ರಲ್ಲಿ ನಿಂತುಹೋಯಿತು. ಆದಕಾರಣ ಬೇಗನೆ ರೋಗವನ್ನರಿತು, ದೇಹದ ದ್ರವಾಂಶವನ್ನು ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಡುವುದೊಂದೇ ಸೋಂಕು ತಗುಲಿದವರಿಗೆ ಈಗ ಉಳಿದಿರುವ ರಕ್ಷೆ. ಇದಕ್ಕೆ ಬೇಕಾದ ವೈದ್ಯರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಲವು ದಿನ ಇರುವುದೇ ಇಲ್ಲ; ರಾತ್ರಿಯಲ್ಲಿ ಜ್ವರವೇರಿದವನನ್ನು ಬಾಡಿಗೆ ಜೀಪಿನಲ್ಲಿ ಘಟ್ಟದ ದಾರಿಯಲ್ಲಿ ಸಾಗಿಸಬೇಕಾದ ಕೂಲಿಕಾರನ ಸಂಸಾರವು ಮೊದಲು ಸಾಲವನ್ನೂ ಆಮೇಲೆ ಆಸ್ಪತ್ರೆಯನ್ನೂ ಹುಡುಕಬೇಕಾಗುತ್ತದೆ.

ಆದ್ದರಿಂದ ನವೆಂಬರ್ ಮುಗಿಯುವುದರೊಳಗೆ ಆ ಕೇಂದ್ರಕ್ಕೆ ಖಾಯಂ ವೈದ್ಯರೊಬ್ಬರನ್ನು ನೇಮಿಸಬೇಕೆಂದೂ, ಮೇ ತಿಂಗಳು ಕಳೆಯುವವರೆಗೆ ಅವರನ್ನು ಬೇರೆ ಕಾರ್ಯಕ್ಕೆ ನಿಯೋಜಿಸಬಾರದೆಂದೂ, ಆಂಬುಲೆನ್ಸ್ ಒಂದನ್ನು ಹಗಲಿರುಳೂ ಅಲ್ಲಿಯೇ ನಿಲ್ಲಿಸಬೇಕೆಂದೂ ಪ್ರಾರ್ಥಿಸುತ್ತೇವೆ. ರಕ್ತದ ಮಾದರಿಯನ್ನು ಹಳ್ಳಿಯಲ್ಲಿಯೇ ಸಂಗ್ರಹಿಸಿ, ಪರೀಕ್ಷೆಯ ಫಲಿತಾಂಶವು ರೋಗಿಯ ಮನೆಗೆ ವಿಳಂಬವಿಲ್ಲದೆ ತಲುಪುವಂತೆ ಮಾಡಬೇಕು. ಜ್ವರ ಬಿಟ್ಟಿತೆಂದು ಮನೆಗೆ ಮರಳಿದವರಲ್ಲಿ ಕೆಲವರಿಗೆ ಒಂದೆರಡು ವಾರಗಳ ಬಳಿಕ ಅದು ತೀವ್ರ ತಲೆನೋವು, ನಡುಕಗಳೊಡನೆ ಮರುಕಳಿಸುವುದರಿಂದ, ಅಂಥವರನ್ನು ಮನೆಗೇ ಹೋಗಿ ವಿಚಾರಿಸುವ ವ್ಯವಸ್ಥೆಯೂ ಅಗತ್ಯ. ಈ ಭಾರವನ್ನು ಈಗ ಹೊರುತ್ತಿರುವವರು ಕಾಲ್ನಡಿಗೆಯಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು. ಅವರಿಗೆ ಪ್ರತ್ಯೇಕ ಸಂಭಾವನೆಯನ್ನೂ ವಾಹನ ಸೌಕರ್ಯವನ್ನೂ ಒದಗಿಸದೆ ಅವರಿಂದ ಇನ್ನಷ್ಟು ದುಡಿಮೆಯನ್ನು ಅಪೇಕ್ಷಿಸುವುದು ನ್ಯಾಯವಲ್ಲವೆಂದು ನಾವು ದೃಢವಾಗಿ ಭಾವಿಸಿದ್ದೇವೆ.

ಉಣುಗು ಕಚ್ಚದಂತೆ ಕೈಕಾಲುಗಳಿಗೆ ಲೇಪಿಸಿಕೊಳ್ಳುವ ಡೇಪಾ ತೈಲವು ದರಗಿನ ಕೆಲಸ ಮೊದಲಾಗುವುದಕ್ಕೆ ಮುನ್ನವೇ ಮನೆಗಳನ್ನು ಸೇರಬೇಕು. ಸತ್ತ ಮಂಗವನ್ನು ಕಂಡವರು ಯಾರಿಗೆ ತಿಳಿಸಬೇಕೆಂಬುದು ಅರಣ್ಯ, ಪಶುವೈದ್ಯ, ಆರೋಗ್ಯ ಇಲಾಖೆಗಳ ನಡುವೆ ಅಸ್ಪಷ್ಟವಾಗಿರುವುದರಿಂದ, ಪ್ರತಿ ಗ್ರಾಮ ಪಂಚಾಯತಿಗೂ ಹೊಣೆಯುಳ್ಳ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು. ಹೊಸ ಲಸಿಕೆಯು ಸಿದ್ಧವಾದಾಗ ಹಿನ್ನೀರಿನ ಹಳ್ಳಿಗಳಿಗೆ ಮೊದಲ ಸರದಿಯನ್ನು ಕೊಡಬೇಕು. ನಮ್ಮಲ್ಲಿ ಅನೇಕರ ಹಿರಿಯರು ಲಿಂಗನಮಕ್ಕಿ ಜಲಾಶಯಕ್ಕಾಗಿ ಗದ್ದೆ ತೋಟಗಳನ್ನು ನೀರಿಗೆ ಬಿಟ್ಟುಕೊಟ್ಟು ಈ ಕಾಡಂಚಿಗೆ ಬಂದು ನೆಲೆಸಿದವರೆಂಬುದನ್ನೂ ತಾವು ಗಣನೆಗೆ ತೆಗೆದುಕೊಳ್ಳಬೇಕು.

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಅಕ್ಟೋಬರ್ ತಿಂಗಳ ಗ್ರಾಮಸಭೆಯಲ್ಲಿ ಲಿಖಿತವಾಗಿ ತಿಳಿಯಪಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳಾದ,
ಹಿನ್ನೀರಿನ ಗ್ರಾಮಸ್ಥರು