ತಮಟೆ ದೂರ ನಿಲ್ಲಬೇಕಾಗಿಲ್ಲ



ಹೋರಾಟದ ಹಾಡನ್ನು ಹಿಡಿದಿಡೋಕೆ ಎರಡೇ ದಾರಿ ಅಂತ ನಮ್ಮ ತಂಡಗಳು ನಂಬಿಕೊಂಡ ಹಾಗೆ ಕಾಣುತ್ತದೆ. ಒಂದು, ದುಡ್ಡು ಕೂಡಿಸಿಕೊಂಡು ಸ್ಟುಡಿಯೋ ಬಾಗಿಲಿಗೆ ಹೋಗೋದು. ಇನ್ನೊಂದು, ಸಭೆಯಲ್ಲಿ ಯಾರೋ ಒಬ್ಬ ಕೈ ಎತ್ತಿ ಫೋನಿನಲ್ಲಿ ಹಿಡಿದದ್ದೇ ಸಾಕು ಅಂದುಕೊಳ್ಳೋದು. ಎರಡು ಕಡೆಯೂ ನಮ್ಮ ಹಾಡು ಅರ್ಧ ಸತ್ತು ಹೊರಗೆ ಬರುತ್ತಿದೆ. ಮೂರನೆಯ ದಾರಿ ಇದೆ. ಇಡೀ ತಂಡ ಒಂದೇ ಕಡೆ ನಿಂತು, ಒಂದೇ ಸ್ಟೀರಿಯೋ ಮೈಕಿನ ಮುಂದೆ, ಮೊದಲ ಪಲ್ಲವಿಯಿಂದ ಕೊನೆಯ ಪೆಟ್ಟಿನವರೆಗೆ ಒಟ್ಟಿಗೆ ಹಾಡಿ ಮುಗಿಸೋದು. ಹಾಸ್ಟೆಲ್ ಹುಡುಗ ಹುಡುಗಿಯರು ಇದನ್ನು ಕಲಿಯಬೇಕು, ತಾವೇ ಮಾಡಬೇಕು ಅಂತ ಹೇಳೋಕೆ ಈ ಬರಹ.

ಮೊದಲು ಸ್ಟುಡಿಯೋ ವಿಚಾರ. ಅಲ್ಲಿ ಏನು ನಡೆಯುತ್ತದೆ ಅಂತ ಹೋಗಿ ಬಂದವರಿಗೆ ಗೊತ್ತು. ಕಿವಿಗೆ ಹೆಡ್‌ಫೋನ್ ಹಾಕಿ 'ಟಿಕ್ ಟಿಕ್' ಅನ್ನೋ ಸದ್ದು ಬಿಡ್ತಾರೆ. ಅದರ ಅಳತೆಗೆ ಹಾಡು ಅಂತಾರೆ. ಮುಂದೆ ಹಾಡುವವನು ಒಬ್ಬನೇ ಗಾಜಿನ ಕೋಣೆಯಲ್ಲಿ ಹಾಡಬೇಕು. ಹಿಮ್ಮೇಳದವರನ್ನು ಇಬ್ಬರಿಗೆ ಇಳಿಸಿ, ಅವರ ದನಿಯನ್ನೇ ಹಲವು ಸಲ ಅಂಟಿಸಿ ಇಪ್ಪತ್ತು ಜನ ಮಾಡ್ತಾರೆ. ತಮಟೆಯವರು ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ಅವರ ಸರದಿ ಬರೋದೇ ಇಲ್ಲ. "ತಮಟೆ ಸೌಂಡ್ ನಮ್ಮ ಕೀಬೋರ್ಡಿನಲ್ಲೇ ಇದೆ ಬಿಡಿ" ಅಂದುಬಿಡ್ತಾರೆ. ಹೋಗಲಿ, ಒಳಗೆ ಕರೆದರು ಅಂತಲೇ ಇಟ್ಟುಕೊಳ್ಳೋಣ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಅದು ಬಿಗಿದುಕೊಂಡು ಕಣಕಣ ಅನ್ನಬೇಕು, ಹತ್ತು ಹದಿನೈದು ನಿಮಿಷ ಬಾರಿಸಿ ಸಡಿಲವಾದರೆ ಮತ್ತೆ ಕಾಯಿಸಬೇಕು. ಎಸಿ ಹಾಕಿದ, ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ಹುಲ್ಲು ಉರಿಸೋಕೆ ಬಿಡ್ತಾರೇನು? ತಣ್ಣಗಾದ ಚರ್ಮ ಡಬಡಬ ಅನ್ನುತ್ತದೆ. ಆಮೇಲೆ "ನಿಮ್ಮ ವಾದ್ಯ ಸರಿಯಿಲ್ಲ" ಅನ್ನೋ ಮಾತು ಬೇರೆ ಕೇಳಬೇಕು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಯವರೆಗೆ ಹೋದ ತಮಟೆಗೆ ಸ್ಟುಡಿಯೋದ ಒಳಬಾಗಿಲು ಇನ್ನೂ ಸರಿಯಾಗಿ ತೆರೆದಿಲ್ಲ.

ಆ ಟಿಕ್ ಟಿಕ್ ಇನ್ನೂ ಕೆಟ್ಟದ್ದು. ನಮ್ಮ ಹಾಡು ಗಡಿಯಾರದ ಹಾಡಲ್ಲ. ಮೊದಲು ನಿಧಾನ ಶುರುವಾಗಿ, ಒಬ್ಬರು ಎತ್ತಿದ ಸಾಲನ್ನು ಹತ್ತು ಜನ ಹಿಡಿದು, ತಮಟೆ ಮೆಲ್ಲಗೆ ತಳ್ಳಿ ತಳ್ಳಿ, ಕೊನೆಗೆ ಬರುವಷ್ಟರಲ್ಲಿ ಓಡುತ್ತಾ ಇರುತ್ತದೆ. ಕೂತಿದ್ದ ಜನ ಎದ್ದು ನಿಲ್ಲೋದು ಆ ಓಟಕ್ಕೆ. ಅದನ್ನು ಒಂದೇ ಅಳತೆಗೆ ಕಟ್ಟಿದರೆ ಸಿಗೋದು ಸಿನಿಮಾ ಹಾಡಿನ ಬಡ ತಮ್ಮ.

ಇನ್ನು ಫೋನು. ಫೋನನ್ನು ಮಾಡಿರೋದು ಮಾತಿಗೆ. ಜೋರು ಸದ್ದು ಬಂದ ಕೂಡಲೆ ಅದು ತಾನಾಗಿಯೇ ಎಲ್ಲವನ್ನೂ ತಗ್ಗಿಸುತ್ತದೆ, ಸದ್ದು ಇಳಿದ ಕೂಡಲೆ ಮತ್ತೆ ಏರಿಸುತ್ತದೆ. ತಮಟೆಯ ಒಂದೊಂದು ಪೆಟ್ಟಿಗೂ ಹಾಡುವವರ ದನಿ ಬಾವಿಗೆ ಬಿದ್ದು ಎದ್ದ ಹಾಗೆ ಕೇಳೋದು ಅದಕ್ಕೇ. ಇದರ ಮೇಲೆ ಗದ್ದಲ ತೆಗೆಯುವ ಏರ್ಪಾಡು ಬೇರೆ ಇರುತ್ತದೆ. ಮನುಷ್ಯರ ಮಾತು ಬಿಟ್ಟು ಉಳಿದದ್ದನ್ನೆಲ್ಲ ಅದು ಒರೆಸುತ್ತಾ ಹೋಗುತ್ತದೆ. ಫೋನಿನ ಲೆಕ್ಕದಲ್ಲಿ ತಮಟೆ ಅಂದರೆ ಗದ್ದಲ! ಊರೊಳಗಿನವರ ಲೆಕ್ಕವೂ ಬಹಳ ಕಾಲದಿಂದ ಅದೇ ಅಲ್ಲವೇ.

ಒಂದೇ ಮೈಕು ಅಂದರೆ ಬಡವರು ಇದ್ದುದರಲ್ಲಿ ಸುಧಾರಿಸಿಕೊಳ್ಳೋದು ಅಂತ ಯಾರೂ ತಿಳಿಯಬೇಡಿ. ಧ್ವನಿಮುದ್ರಣ ಹುಟ್ಟಿದ್ದೇ ಹಾಗೆ. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದಾಗ ಕರೆಂಟಿನ ಮೈಕೇ ಇರಲಿಲ್ಲ, ಇದ್ದದ್ದು ಒಂದು ತುತ್ತೂರಿ. ಹಾಡುವವರು ಅದರ ಬಾಯಿಗೆ ಮುಖ ಕೊಟ್ಟು ಹಾಡಬೇಕು, ವಾದ್ಯದವರು ಸುತ್ತ ಒತ್ತಿಕೊಂಡು ಕೂರಬೇಕು. ಕರೆಂಟಿನ ಮೈಕು ಮುದ್ರಣಕ್ಕೆ ಬಂದದ್ದು 1925ರ ಹೊತ್ತಿಗೆ. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅನ್ನುವ ಇಂಜಿನಿಯರು, ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಇಟ್ಟರೆ ಎರಡು ಕಿವಿಯ ಹಾಗೆ ಎಡ ಬಲ ಎಲ್ಲ ಗೊತ್ತಾಗುತ್ತದೆ ಅಂತ ಪೇಟೆಂಟಿಗೆ ಅರ್ಜಿ ಹಾಕಿದ. ಇವತ್ತು ಅಂಗೈಯಗಲದ ರೆಕಾರ್ಡರುಗಳ ತಲೆಯ ಮೇಲೆ ಕತ್ತರಿಯ ಹಾಗೆ ಕೂಡಿಸಿದ ಎರಡು ಪುಟ್ಟ ಮೈಕು ಕಾಣುತ್ತವಲ್ಲ, ಅವು ಆ ವಿಚಾರದ ಮೊಮ್ಮಕ್ಕಳು. ಎರಡು ಮೈಕನ್ನು ದೂರ ದೂರ ಇಟ್ಟು ಹಿಡಿದದ್ದನ್ನು ಒಂದೇ ಸ್ಪೀಕರಿನಲ್ಲಿ ಕೇಳಿದರೆ ಕೆಲವು ಸದ್ದು ಒಂದನ್ನೊಂದು ತಿಂದುಹಾಕುತ್ತವೆ. ಕತ್ತರಿ ಮೈಕಿಗೆ ಆ ಕಾಟ ಬಹಳ ಕಡಿಮೆ. ನಮ್ಮ ಜನ ಕೇಳೋದು ಫೋನಿನ ಒಂದೇ ಸ್ಪೀಕರಿನಲ್ಲಿ, ಹಾಸ್ಟೆಲಿನ ಒಂದೇ ಡಬ್ಬದಲ್ಲಿ. ಅದಕ್ಕೇ ನಮಗೆ ಇದೇ ಸರಿ.

ಕೆನಡಾದ ಒಂದು ತಂಡದ ಕತೆ ನಮಗೆ ಬಹಳ ಹಿಡಿಸಿತು. ಕೌಬಾಯ್ ಜಂಕೀಸ್ ಅಂತ ಹೆಸರು. 1987ರ ನವೆಂಬರ್ 27ರಂದು ಟೊರಾಂಟೊ ಪಟ್ಟಣದ ಹೋಲಿ ಟ್ರಿನಿಟಿ ಚರ್ಚಿನೊಳಗೆ ನೆಲದ ಮೇಲೆ ಒಂದೇ ಮೈಕು ನಿಲ್ಲಿಸಿ, ಸುತ್ತ ನಿಂತು, ಆಲ್ಬಮ್ಮಿನ ಬಹುಪಾಲು ಹಾಡನ್ನು ಒಂದೇ ದಿನದಲ್ಲಿ ಮುಗಿಸಿದರು. 1988ರಲ್ಲಿ 'ದಿ ಟ್ರಿನಿಟಿ ಸೆಷನ್' ಅಂತ ಹೊರಗೆ ಬಂದು ದೇಶ ದೇಶ ಸುತ್ತಿತು. ಹಾಡುವ ಹೆಣ್ಣುಮಗಳದು ಮೆತ್ತನೆ ದನಿ, ಡ್ರಮ್ಮಿನ ಮುಂದೆ ಮುಳುಗಿಹೋಗುವಂಥದ್ದು. ಅದಕ್ಕೆ ಆಕೆಯ ದನಿಯನ್ನು ಒಂದು ಸ್ಪೀಕರಿನಿಂದ ಹೊರಡಿಸಿ, ಆ ಸ್ಪೀಕರನ್ನೂ ಒಬ್ಬ ಆಳಿನ ಹಾಗೆ ಸುತ್ತಿನಲ್ಲಿ ನಿಲ್ಲಿಸಿಕೊಂಡರು. ಯಾರು ಎಲ್ಲಿ ನಿಲ್ಲಬೇಕು ಅನ್ನೋದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಜಾಗ ಸಿಗಲಿ ಅಂತ ಚರ್ಚಿನವರಿಗೆ ತಂಡದ ನಿಜವಾದ ಹೆಸರನ್ನೇ ಹೇಳಿರಲಿಲ್ಲ, ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಹಾಡುವ ಕುಟುಂಬ ಅಂತ ಹೇಳಿಕೊಂಡಿದ್ದರಂತೆ. ಪಟ್ಟಣದಲ್ಲಿ ಬಾಡಿಗೆ ಕೋಣೆ ಕೇಳೋಕೆ ಹೋಗಿ ಹೆಸರು ನುಂಗಿಕೊಂಡ ನಮ್ಮ ಹುಡುಗರು ಇದನ್ನು ಓದಿ ನಕ್ಕರೆ ತಪ್ಪಿಲ್ಲ.

ಈಗ ನಿಜವಾದ ತಕರಾರಿಗೆ ಬರೋಣ. ಒಂದೇ ಮೈಕು ಇಟ್ಟಾಗ ಆಮೇಲೆ ಏರಿಸಿ ಇಳಿಸೋಕೆ ಗುಂಡಿಗಳಿಲ್ಲ. ಯಾರು ಎಷ್ಟು ದೂರ ನಿಂತಿದ್ದಾರೋ ಅಷ್ಟೇ ಅವರ ಪಾಲು. ತಮಟೆ ಎಲ್ಲರಿಗಿಂತ ಜೋರು. ಆದ್ದರಿಂದ ಪುಸ್ತಕ ಓದಿ ಬಂದ ಯಾವನಾದರೂ ಮೊದಲು ಹೇಳೋ ಮಾತು: "ತಮಟೆಯವರು ಸ್ವಲ್ಪ ದೂರ ಹೋಗ್ರಪ್ಪ." ಲೆಕ್ಕದ ಪ್ರಕಾರ ತಪ್ಪಿಲ್ಲದ ಮಾತು. ಆದರೆ ಆ ಮಾತನ್ನು ಯಾರು, ಯಾರಿಗೆ ಹೇಳ್ತಾ ಇದ್ದಾರೆ? ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಬಡಿದು, ಗುಡಿಯ ಹೊರಗೆ ನಿಂತು, ಮೆರವಣಿಗೆಯಲ್ಲಿ ಇಷ್ಟು ಮಾರು ಮುಂದೆ ಹೋಗು ಅನ್ನಿಸಿಕೊಂಡವರಿಗೆ. ಈ ಅವಮಾನ ಸಾಕು ಅಂತ ನಮ್ಮಲ್ಲಿ ಎಷ್ಟೋ ಜನ ತಮಟೆಯನ್ನು ಕೆಳಗಿಟ್ಟರು. ಅವರ ಸಿಟ್ಟು ನ್ಯಾಯವಾದದ್ದು. ಇನ್ನೆಷ್ಟೋ ಜನ ಅದೇ ತಮಟೆಯನ್ನು ಚಳವಳಿಗೆ ತಂದರು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ ಆ ಪದ್ಯಗಳು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಬೀದಿಯಲ್ಲಿ ಕೇಳಿಸಿದವು. ಅಂಥ ವಾದ್ಯವನ್ನು ನಮ್ಮದೇ ತಂಡ, ನಮ್ಮದೇ ಮೈಕಿಗಾಗಿ, ಮತ್ತೆ "ದೂರ ನಿಲ್ಲು" ಅನ್ನಬೇಕಾ?

ಬೇಕಾಗಿಲ್ಲ. ಇದು ಬರೀ ಅಭಿಮಾನದ ಮಾತಲ್ಲ, ಲೆಕ್ಕದ ಮಾತೂ ಹೌದು. ಮೈಕಿಗೆ ಮುಖ್ಯ ಎಷ್ಟು ಅಡಿ ಅನ್ನೋದಲ್ಲ, ಒಬ್ಬರಿಗಿಂತ ಇನ್ನೊಬ್ಬರು ಎಷ್ಟು ಪಟ್ಟು ದೂರ ಅನ್ನೋದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮೂರು ಪಟ್ಟಾದರೆ ಹತ್ತಿರ ಹತ್ತಿರ 10. ಹಾಡುವವರು 6 ಅಡಿಯಲ್ಲಿ ನಿಂತರೆ ಮೂರು ಪಟ್ಟು ಅಂದರೆ ತಮಟೆ 18 ಅಡಿ ಆಚೆ ಹೋಗಬೇಕು, ಬೀದಿಯ ಆ ಬದಿಗೆ. ಅದೇ ಹಾಡುವವರು 2 ಅಡಿಗೆ ಬಂದರೆ? ತಮಟೆ 6 ಅಡಿಯಲ್ಲೇ ಇರಬಹುದು. ಲೆಕ್ಕ ಅದೇ, ಆದರೆ ಈಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಷ್ಟು ಹತ್ತಿರ ಇದ್ದಾರೆ. ಜಾಗ ಬಿಟ್ಟು ಕದಲಬೇಕಾದವರು ಹಾಡುವವರು, ತಮಟೆಯವರಲ್ಲ.

ಇನ್ನೊಂದು ಗುಟ್ಟು ತಮಟೆಯವರಿಗೇ ಚೆನ್ನಾಗಿ ಗೊತ್ತು. ತಮಟೆ ಮುಖದಿಂದಲೂ ಕೂಗುತ್ತದೆ, ಬೆನ್ನಿನಿಂದಲೂ ಕೂಗುತ್ತದೆ, ಅಂಚಿನ ಕಡೆಯಿಂದ ಅಷ್ಟು ಕೂಗೋದಿಲ್ಲ. ಅದರ ಮುಖ ನೇರ ಮೈಕಿಗೆ ಹಿಡಿಯದೆ, ಅಂಚು ಮೈಕಿನ ಕಡೆ ಬರುವ ಹಾಗೆ ಅಡ್ಡ ತಿರುಗಿ ನಿಂತರೆ ಒಂದು ಹೆಜ್ಜೆಯೂ ಹಿಂದೆ ಹೋಗದೆ ಸದ್ದು ತಗ್ಗುತ್ತದೆ. ನಾಲ್ಕು ಜನ ಇದ್ದರೆ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ನಿಂತು ಒಬ್ಬರಿಗೊಬ್ಬರು ಎದುರಾಗಲಿ. ಕಣ್ಣಿನಲ್ಲೇ ಸನ್ನೆ ಸಿಗುತ್ತದೆ, ಪೆಟ್ಟು ಜೋಡಿಯಾಗುತ್ತದೆ. ಕೇಳುವವರಿಗೂ ಎಡದ ಕಿವಿಯ ಪೆಟ್ಟಿಗೆ ಬಲದ ಕಿವಿ ಉತ್ತರ ಕೊಟ್ಟ ಹಾಗೆ ಇರುತ್ತದೆ.

ಜಾಗ ಹೊರಗೇ ಇರಲಿ. ಹಾಸ್ಟೆಲ್ ಊಟದ ಹಾಲು ಬೇಡ, ಬರೀ ಗೋಡೆ, ತಗಡು, ನೆಲ, ಎಲ್ಲ ಗೊಂಯ್ ಅನ್ನುತ್ತವೆ. ಮರದ ಕೆಳಗೆ, ಬಸ್ಸಿನ ರಸ್ತೆಗೆ ದೂರ, ಬೆಂಕಿ ಹಾಕೋಕೆ ಜಾಗ ಇರುವ ಕಡೆ. ಗಾಳಿ ಬೀಸದ ಬೆಳಗಿನ ಹೊತ್ತು ಒಳ್ಳೇದು, ಆದರೆ ಇಬ್ಬನಿಗೆ ಚರ್ಮ ಬೇಗ ಸಡಿಲವಾಗುತ್ತದೆ. ಅದಕ್ಕೆ ಬೆಂಕಿ ಆರದ ಹಾಗೆ ನೋಡಿಕೊಳ್ಳೋಕೆ ಒಬ್ಬರು ಬೇಕು. ಮೈಕನ್ನು ಕೈಯಲ್ಲಿ ಹಿಡಿಯಬಾರದು, ಕೈಯ ಪ್ರತಿ ಅಲುಗಾಟವೂ ಅದಕ್ಕೆ ಕೇಳುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಬಿದಿರಿಗೆ ಕಟ್ಟಿ. ಹಾಡುವವರ ತಲೆಗಿಂತ ಸ್ವಲ್ಪ ಮೇಲೆ, ಮುಖ ಕೆಳಗೆ ಅವರ ಬಾಯಿಯ ಕಡೆ. ತಮಟೆ ಸೊಂಟದ ಮಟ್ಟದಲ್ಲಿರೋದರಿಂದ ಇದರಿಂದಲೂ ಅನುಕೂಲ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಏಕತಾರಿ, ಹಾರ್ಮೋನಿಯಂ ಇದ್ದರೆ ಎಲ್ಲರಿಗಿಂತ ಮುಂದೆ ಅವಕ್ಕೆ ಜಾಗ. ರೆಕಾರ್ಡರಿನ ತಾನಾಗಿ ಏರಿಳಿಸುವ ಏರ್ಪಾಡನ್ನು ಆರಿಸಿ, ತಮಟೆಯವರಿಗೆ ಎಲ್ಲಕ್ಕಿಂತ ಜೋರಾಗಿ ಬಾರಿಸಿ ಅಂತ ಹೇಳಿ, ಆ ಪೆಟ್ಟಿಗೆ ಮುಳ್ಳು ಮೈನಸ್ 6 ದಾಟದ ಹಾಗೆ ಇಟ್ಟು, ಮತ್ತೆ ಮುಟ್ಟಬೇಡಿ. ಫೋನೇ ಗತಿ ಅಂದರೆ ಅದಕ್ಕೆ ಸಿಗಿಸುವ ಪುಟ್ಟ ಸ್ಟೀರಿಯೋ ಮೈಕು ತಂದು, ಮಟ್ಟವನ್ನು ನಾವೇ ಇಡಬಹುದಾದ ಆ್ಯಪ್ ಹಾಕಿಕೊಳ್ಳಿ.

ಒಂದು ನಿಮಿಷ ಹಿಡಿಯಿರಿ, ನಿಲ್ಲಿಸಿ, ಕೇಳಿ. ಆದರೆ ಹೆಡ್‌ಫೋನ್ ಮೊದಲು ಯಾರ ಕಿವಿಗೆ ಹೋಗುತ್ತದೆ? ಸಾಮಾನ್ಯವಾಗಿ ಮಿಷನ್ ತಂದ ಹುಡುಗನ ಕಿವಿಗೆ, ಆಮೇಲೆ ಮುಂದೆ ಹಾಡುವ ಅಣ್ಣನ ಕಿವಿಗೆ. ಅಲ್ಲಿಗೆ ನಿಂತುಬಿಡುತ್ತದೆ. ಹಿಂದಿನ ಸಾಲಿನ ಹೆಣ್ಣುಮಕ್ಕಳಿಗೆ, ತಮಟೆಯ ಹಿರಿಯರಿಗೆ ಕೊಡೋದೇ ಇಲ್ಲ. ತಂಡದೊಳಗಿನ ಯಜಮಾನಿಕೆ ಇಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಮೈಕಿನ ಮುದ್ರಣ ಸುಳ್ಳು ಹೇಳೋದಿಲ್ಲ, ಯಾರನ್ನು ಮುಂದೆ ನಿಲ್ಲಿಸಿದ್ದೀರಿ, ಯಾರನ್ನು ಮೂಲೆಗೆ ತಳ್ಳಿದ್ದೀರಿ ಅಂತ ಕಣ್ಣು ಮುಚ್ಚಿ ಕೇಳಿದವನಿಗೂ ತಿಳಿಯುತ್ತದೆ. ವೇದಿಕೆಯಲ್ಲಿ ಸಮಾನತೆಯ ಹಾಡು, ಮೈಕಿನ ಮುಂದೆ ಗಂಡಸರ ಗೋಡೆ. ಇದು ನಮ್ಮ ತಂಡಗಳ ರೋಗ, ಹೊರಗಿನವರ ಮೇಲೆ ಹಾಕೋಕೆ ಆಗೋದಿಲ್ಲ. ಹೆಡ್‌ಫೋನ್ ಸುತ್ತು ಬರಲಿ. ಎಲ್ಲರೂ ಕೇಳಿ, "ನಮ್ಮವ್ವನ ದನಿ ಕೇಳಿಸ್ತಿಲ್ಲ, ಒಂದು ಹೆಜ್ಜೆ ಮುಂದೆ ಬಾರಮ್ಮ" ಅಂತ ಅವರೇ ತೀರ್ಮಾನ ಮಾಡಲಿ.

ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಹಾಡಬೇಕಲ್ಲ ಅಂತ ಕೇಳ್ತೀರಿ. ಹೌದು, ಹಾಡಬೇಕು. ನಾಲ್ಕನೇ ಸಲಕ್ಕೆ ಹಾಡು ಗಟ್ಟಿಯಾಗಿರುತ್ತದೆ, ಏಳನೇ ಸಲಕ್ಕೆ ಗಂಟಲು ಹೋಗಿರುತ್ತದೆ, ನಡುವೆ ಎಲ್ಲೋ ಒಂದು ಸಿಗುತ್ತದೆ. ಜನರೇಟರ್ ಗುಡುಗುವ ಸಮಾವೇಶದಲ್ಲಿ, ರಸ್ತೆ ತಡೆಯಲ್ಲಿ ಈ ವಿದ್ಯೆ ನಡೆಯೋದಿಲ್ಲ. ಅಲ್ಲಿ ವೇದಿಕೆಯ ಮಿಕ್ಸರಿನಿಂದಲೇ ತಗೊಳ್ಳಬೇಕು. ಅದು ಬೇರೆ ಕೆಲಸ.

ದುಡ್ಡೆಲ್ಲಿ ಅಂತ ಕೇಳಬೇಡಿ. ಏಪ್ರಿಲ್ 14 ಬಂದರೆ ಹಾಸ್ಟೆಲ್ಲುಗಳಲ್ಲಿ, ಕೇರಿಗಳಲ್ಲಿ ಚಂದಾ ಎತ್ತಿ ಡಿಜೆ ತರಿಸ್ತೇವೆ. ಎದೆ ಅದುರುವ ಡಬ್ಬಗಳು, ಬಣ್ಣದ ದೀಪ, ಎಲ್ಲಿಂದಲೋ ಬಂದ ರೀಮಿಕ್ಸು. ಅದರ ಮುಂದೆ ಕೇರಿಯ ತಮಟೆಯವರು ಕೈ ಕಟ್ಟಿ ನಿಂತು ನೋಡ್ತಾರೆ. ಕುಣಿಯಬೇಡಿ ಅಂತ ನಾವು ಹೇಳೋದಿಲ್ಲ, ವರ್ಷಕ್ಕೊಂದು ದಿನ ನಮ್ಮ ಜನ ಎದೆಯೆತ್ತಿ ಕುಣಿಯೋದೂ ಬೇಕು. ಆದರೆ ಒಂದು ರಾತ್ರಿಯ ಡಿಜೆ ಬಾಡಿಗೆಯಲ್ಲಿ ಒಂದು ಸಾಧಾರಣ ರೆಕಾರ್ಡರ್ ಬರುತ್ತದೆ, ನಾಲ್ಕೈದು ಹಾಸ್ಟೆಲ್ ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಬಾಬಾಸಾಹೇಬರ ದನಿಯನ್ನು 1955ರಲ್ಲಿ ಬಿಬಿಸಿ ಹಿಡಿದಿಟ್ಟಿದ್ದರಿಂದ ನಾವು ಇವತ್ತೂ ಕೇಳ್ತಾ ಇದ್ದೇವೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಜಾಥಾದ ಮುಂದೆ ನಡೆದು ಹಾಡಿದವರ ದನಿ ಎಲ್ಲಿದೆ? ಕೆಲವು ಕ್ಯಾಸೆಟ್ಟುಗಳಲ್ಲಿ, ಅವೂ ಬೂಷ್ಟು ಹಿಡಿದು. ಆ ಪೀಳಿಗೆ ಒಬ್ಬೊಬ್ಬರಾಗಿ ಹೋಗ್ತಾ ಇದೆ. ಸಿದ್ದಲಿಂಗಯ್ಯನವರು 2021ರಲ್ಲಿ ಹೋದರು. ಹೆಸರಿಲ್ಲದ ಹಾಡುಗಾರರು ಎಷ್ಟು ಜನ ಹೋದರೋ ಲೆಕ್ಕ ಇಟ್ಟವರಿಲ್ಲ.

ಇನ್ನು ಹಿಡಿದದ್ದು ಯಾರದು ಅನ್ನೋ ಪ್ರಶ್ನೆ. ಹಟ್ಟಿಗೆ ಬಂದು, ಅವ್ವಂದಿರನ್ನು ಕೂರಿಸಿ ಹಾಡಿಸಿಕೊಂಡು, ಕಾಫಿ ಕುಡಿದು ಹೋದವರನ್ನು ನಾವು ನೋಡಿದ್ದೇವೆ. ಹಾಡು ಅವರ ಕಪಾಟು ಸೇರಿತು, ಹೆಸರು ಅವರದಾಯಿತು, ಹಾಡಿದವರ ಮನೆಗೆ ಒಂದು ಪ್ರತಿಯೂ ಬರಲಿಲ್ಲ. ನಮ್ಮ ಹುಡುಗರೂ ಅದನ್ನೇ ಮಾಡಬಾರದು. ಹಾಡು ಶುರು ಮಾಡುವ ಮುಂಚೆ ಪ್ರತಿಯೊಬ್ಬರೂ ಮೈಕಿಗೆ ತಮ್ಮ ಹೆಸರು, ಊರು ಹೇಳಲಿ. ತಮಟೆಯವರು ಮೊದಲು ಹೇಳಲಿ. ಯೂಟ್ಯೂಬಿಗೆ ಹಾಕೋದು ಬಿಡೋದು ತಂಡವೆಲ್ಲ ಕೂತು ತೀರ್ಮಾನಿಸಲಿ. ಎಂಪಿ3 ಮಾಡಿ ಹಂಚಿ, ಆದರೆ ಮೂಲದ ವೇವ್ ಫೈಲು ಅಳಿಸಬೇಡಿ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಅಷ್ಟೇ. ಒಂದು ಪ್ರತಿ ತಂಡದಲ್ಲಿ, ಒಂದು ಹಾಸ್ಟೆಲಿನಲ್ಲಿ, ಒಂದು ಹಾಡಿದವರ ಮಕ್ಕಳ ಫೋನಿನಲ್ಲಿ. ಫೈಲಿಗೆ ಮಿಷನ್ನು ಕೊಟ್ಟ ನಂಬರನ್ನೇ ಹೆಸರಾಗಿ ಬಿಡಬೇಡಿ. ಊರು, ತಾರೀಖು, ಹಾಡು ಎತ್ತಿದವರು, ಹಿಮ್ಮೇಳದವರು, ತಮಟೆಯವರು, ಬೆಂಕಿ ನೋಡಿಕೊಂಡವರು, ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.