ಕುದುರೆ ಕಲಿಯಲು ಯಾವ ಕಾಲೇಜು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕುದುರೆ ಹೊಸದಲ್ಲ. ಹಿಂಡಿನೊಂದಿಗೆ ಊರೂರು ಅಲೆಯುವ ಕುರಿಗಾರರ ಗಂಟುಮೂಟೆ ಹೊರುವುದು ಕುದುರೆಯೇ. ನಾಲ ಬಡಿಯುವ ಕಸುಬಿನಿಂದಲೇ ‘ನಾಲಬಂದ’ ಎಂಬ ಅಡ್ಡಹೆಸರು ಬಂದಿದೆ. 1969ರಲ್ಲಿ ಆರಂಭವಾದ ಕಿತ್ತೂರಿನ ರಾಣಿ ಚನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆಯಲ್ಲಿ ಹುಡುಗಿಯರಿಗೆ ಕುದುರೆ ಸವಾರಿಯನ್ನೂ ಕಲಿಸುತ್ತಾರೆ. ಹೀಗಾಗಿ ಪಿ.ಯು.ಸಿ. ಓದುವ ಮಗನೋ ಮಗಳೋ ‘ಕುದುರೆಯ ವಿಷಯವನ್ನೇ ಓದುತ್ತೇನೆ’ ಎಂದರೆ ಪಾಲಕರು ನಕ್ಕು ತಳ್ಳಿಹಾಕಬೇಕಿಲ್ಲ. ಆದರೆ ಕೋರ್ಸಿನ ಹೆಸರಿಗೆ ಮರುಳಾಗಿ ಕಾಲೇಜು ಸೇರಿದರೆ ವರ್ಷಗಳೂ ಹೋಗುತ್ತವೆ, ಹಣವೂ ಹೋಗುತ್ತದೆ.

ಮೊದಲು ತೀರ್ಮಾನವಾಗಬೇಕಾದ್ದು ಒಂದೇ: ವಿದ್ಯಾರ್ಥಿಗೆ ಬೇಕಾದ್ದು ಕುದುರೆಯ ಚಿಕಿತ್ಸೆಯೋ, ಸವಾರಿಯೋ, ಲಾಯದ ನಿರ್ವಹಣೆಯೋ? ಮೂರಕ್ಕೂ ದಾರಿ ಬೇರೆ ಬೇರೆ.

ವೈದ್ಯನಾಗಬೇಕಾದರೆ

ಕುದುರೆಗೆ ಚಿಕಿತ್ಸೆ ನೀಡಲು ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ ಬೇಕೇ ಬೇಕು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಇದು ಐದೂವರೆ ವರ್ಷದ ಓದು. ಪದವಿಯಲ್ಲಿ ದನ, ಎಮ್ಮೆ, ಕುರಿ, ಕೋಳಿ, ನಾಯಿ ಎಲ್ಲವನ್ನೂ ಓದಬೇಕು. ಕುದುರೆ ಅದರಲ್ಲಿ ಒಂದು ಪಾಲು ಮಾತ್ರ. ಕುದುರೆಯಲ್ಲಿ ಪರಿಣತಿ ಬೇಕೆನ್ನುವವರು ಮುಂದೆ ಎಂ.ವಿ.ಎಸ್ಸಿ.ಯಲ್ಲಿ ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಅಥವಾ ಪ್ರಸೂತಿ ವಿಭಾಗ ಹಿಡಿದು, ಕುದುರೆಗಳಿರುವ ಕಡೆ ದುಡಿದು ಕೈ ಪಳಗಿಸಿಕೊಳ್ಳಬೇಕು.

ರಾಜ್ಯದಲ್ಲಿ ಈ ಕಾಲೇಜುಗಳು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಷ್ಟು ಹಳೆಯದು. ಬೀದರ, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಬೆಳಗಾವಿ ಜಿಲ್ಲೆಯದೇ ಆದ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಕಾಲೇಜು ಕಟ್ಟಡ ಎದ್ದಿದೆ. ಅಲ್ಲಿ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ರಾಜ್ಯದ ಸೀಟುಗಳಿಗೆ ಸಿ.ಇ.ಟಿ. ಬರೆಯಬೇಕು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲಮನೆ ಉಳ್ಳ ಪಾಲಕರು ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಅಖಿಲ ಭಾರತ ಕೋಟಾದ ಶೇ 15 ಸೀಟುಗಳು ನೀಟ್ ಮೂಲಕ ಭರ್ತಿಯಾಗುತ್ತವೆ.

ಹತ್ತಿರವೋ, ಹೆಬ್ಬಾಳವೋ?

ಸವದತ್ತಿ, ರಾಮದುರ್ಗದವರಿಗೆ ಗದಗ ಹತ್ತಿರ. ಖರ್ಚೂ ಕಡಿಮೆ, ಮಗಳು ಹಬ್ಬಕ್ಕೆ ಮನೆಗೆ ಬಂದು ಹೋಗಬಹುದು. ದನಕರು, ಕುರಿಮೇಕೆಗಳ ಅನುಭವಕ್ಕೆ ಈ ಭಾಗದಲ್ಲಿ ಕೊರತೆಯಿಲ್ಲ. ಆದರೆ ಮನಸ್ಸು ಕುದುರೆಯ ಮೇಲೇ ಇದ್ದರೆ ಹೆಬ್ಬಾಳಕ್ಕೆ ಒಂದು ಅನುಕೂಲ ಹೆಚ್ಚು. ಬೆಂಗಳೂರು ಟರ್ಫ್ ಕ್ಲಬ್ ಹಾಗೂ ಸವಾರಿ ಶಾಲೆಗಳು ಅದೇ ಊರಿನಲ್ಲಿವೆ, ಕುಣಿಗಲ್‌ನ ಹಳೆಯ ಕುದುರೆ ಫಾರಂ ದೂರವಿಲ್ಲ, ಎನ್.ಸಿ.ಸಿ.ಯ ರಿಮೌಂಟ್ ಮತ್ತು ವೆಟರ್ನರಿ ಘಟಕವೂ ಹೆಬ್ಬಾಳದಲ್ಲೇ ಇದೆ.

ಯಾವ ಕಾಲೇಜೇ ಆಗಲಿ, ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತಿಳಿಯಬೇಕಾದ್ದು ಮೂರು ಸಂಗತಿ. ಆಸ್ಪತ್ರೆಗೆ ವಾರಕ್ಕೆ ಎಷ್ಟು ಕುದುರೆ ಬರುತ್ತವೆ? ಇಂಟರ್ನ್‌ಶಿಪ್ ಸಮಯದಲ್ಲಿ ಕುದುರೆಗಳಿರುವ ಕಡೆ ಕಳಿಸುತ್ತಾರೆಯೇ? ಶಸ್ತ್ರಚಿಕಿತ್ಸೆಯನ್ನು ವಿದ್ಯಾರ್ಥಿ ದೂರದಿಂದ ನೋಡುತ್ತಾನೋ, ಕೈ ಹಚ್ಚಿ ಮಾಡುತ್ತಾನೋ? ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಶೂಲೆ ಬಂದರೆ ಒಂದೇ ದಿನದಲ್ಲಿ ಜೀವ ಹೋಗಬಹುದು. ಪುಸ್ತಕ ಓದಿದವನಿಗಿಂತ ಕೈ ಪಳಗಿದವನು ಅಲ್ಲಿ ಬೇಕಾಗುತ್ತಾನೆ.

ಕೆಲಸ ಎಲ್ಲಿ?

ಭಾರತೀಯ ಸೇನೆಯ ರಿಮೌಂಟ್ ವೆಟರ್ನರಿ ಕೋರ್ ಪಶುವೈದ್ಯರನ್ನು ಅಧಿಕಾರಿಗಳನ್ನಾಗಿ ಸೇರಿಸಿಕೊಳ್ಳುತ್ತದೆ; ಅದರ ತರಬೇತಿ ಕೇಂದ್ರ ಮೀರತ್‌ನಲ್ಲಿದೆ. 2023ರಲ್ಲಿ ಮಹಿಳೆಯರಿಗೂ ಈ ಬಾಗಿಲು ತೆರೆಯಿತು. ಸಂಶೋಧನೆಗೆ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಕುದುರೆಯಿಂದ ಮನುಷ್ಯನಿಗೂ ಹರಡುವ ಗ್ಲಾಂಡರ್ಸ್ ರೋಗದ ಪತ್ತೆ ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಹಾವು ಕಡಿದವರಿಗೆ ಕೊಡುವ ಔಷಧ ತಯಾರಾಗುವುದೂ ಕುದುರೆಯ ರಕ್ತದಿಂದಲೇ. ಮುಂಬೈಯ ಹಾಫ್‌ಕಿನ್‌ನಂಥ ತಯಾರಕರಿಗೆ ಕುದುರೆ ಬಲ್ಲ ವೈದ್ಯರು ಬೇಕು. ಹೊಲದಲ್ಲಿ ಹಾವಿನ ಭಯ ಬಲ್ಲ ನಮ್ಮ ಭಾಗದವರಿಗೆ ಈ ಕೆಲಸದ ಬೆಲೆ ಹೇಳಿಕೊಡಬೇಕಿಲ್ಲ.

ರೇಸ್ ಕುದುರೆಗಳ ಲೋಕದಲ್ಲಿ ಸಂಪಾದನೆ ಇದೆ, ಅನಿಶ್ಚಿತತೆಯೂ ಇದೆ. 2023ರ ಅಕ್ಟೋಬರ್‌ನಿಂದ ಪಣದ ಪೂರ್ತಿ ಮೊತ್ತದ ಮೇಲೆ ಜಿ.ಎಸ್.ಟಿ. ಬಿದ್ದಿದೆ. ಅದೊಂದನ್ನೇ ನಂಬಿ ಓದುವುದು ಜಾಣತನವಲ್ಲ. ಪಶುವೈದ್ಯ ಪದವಿ ಇದ್ದವನಿಗೆ ದನದ ದವಾಖಾನೆಯ ಕೆಲಸವಾದರೂ ಉಳಿಯುತ್ತದೆ.

ಸವಾರಿಯ ಆಸೆಯಿದ್ದರೆ

ಸವಾರಿಗೆ ಪದವಿ ಬೇಕಿಲ್ಲ. ಜಾಕಿಯಾಗಲು ಮೈತೂಕ ಕಡಿಮೆ ಇರಬೇಕು, ಎಳೆಯ ವಯಸ್ಸಿನಲ್ಲೇ ರೇಸ್ ಕ್ಲಬ್ಬಿನ ತರಬೇತಿ ಶಾಲೆ ಸೇರಬೇಕು. ಕ್ರೀಡಾ ಸವಾರಿಯಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಆದರೆ ಅದು ದುಬಾರಿ ದಾರಿ. ಸೇನೆ, ಪೊಲೀಸ್ ಅಥವಾ ಪ್ರಾಯೋಜಕರ ಆಸರೆ ಇಲ್ಲದೆ ಸಾಮಾನ್ಯ ಕುಟುಂಬಕ್ಕೆ ನಿಲುಕುವುದು ಕಷ್ಟ.

ವಿದೇಶಗಳಲ್ಲಿ ‘ಈಕ್ವೈನ್ ಸ್ಟಡೀಸ್’, ‘ಈಕ್ವೈನ್ ಸೈನ್ಸ್’ ಹೆಸರಿನ ಪದವಿಗಳಿವೆ. ಲಾಯದ ನಿರ್ವಹಣೆ, ಆಹಾರ, ತಳಿ, ತರಬೇತಿಗಳನ್ನು ಕಲಿಸುವ ಒಳ್ಳೆಯ ಓದು ಅದು. ಆದರೆ ಅದು ಪಶುವೈದ್ಯ ಪದವಿಯಲ್ಲ. ಸಾಲ ಮಾಡಿ ಅದನ್ನು ಓದಿ ಬಂದವರು ಇಲ್ಲಿ ಕುದುರೆಗೆ ಚಿಕಿತ್ಸೆ ಮಾಡುವಂತಿಲ್ಲ. ಚಿಕಿತ್ಸೆ ನೀಡಲು 1984ರ ಕಾಯಿದೆಯ ಪ್ರಕಾರ ಮಾನ್ಯತೆ ಪಡೆದ ಪದವಿ ಮತ್ತು ನೋಂದಣಿ ಬೇಕು. ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾಗೂ ಇದೇ ಮಾತು; ಕೆಲಸ ಸಿಗಬಹುದು, ಆದರೆ ಡಾಕ್ಟರ್ ಆಗುವುದಿಲ್ಲ. ಯಾವ ಖಾಸಗಿ ಸಂಸ್ಥೆಯ ಜಾಹೀರಾತು ಕಂಡರೂ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಬೇಕು.

ಕಾಲೇಜು ಆರಿಸುವ ಮುನ್ನ ಒಂದು ಪರೀಕ್ಷೆಯನ್ನು ಮನೆಯ ಹತ್ತಿರವೇ ಮಾಡಬಹುದು. ರಜೆಯಲ್ಲಿ ಹದಿನೈದು ದಿನ ತಾಲ್ಲೂಕಿನ ದನದ ದವಾಖಾನೆಗೆ, ಅನುಮತಿ ಕೇಳಿ, ಮಕ್ಕಳನ್ನು ಕಳಿಸಬೇಕು. ರಕ್ತ, ಸಗಣಿ, ಒದೆ, ಅಪರಾತ್ರಿಯ ಕರೆ ಇವನ್ನೆಲ್ಲ ಕಂಡ ಮೇಲೂ ಆಸೆ ಉಳಿದರೆ ಪಾಲಕರು ಧೈರ್ಯವಾಗಿ ಮುಂದುವರಿಯಬಹುದು. ಆಸೆ ಇಳಿದರೂ ನಷ್ಟವಿಲ್ಲ, ಸಿ.ಇ.ಟಿ. ಆಯ್ಕೆ ತುಂಬುವ ಮೊದಲೇ ಅದು ತಿಳಿದಂತಾಯಿತು.